ಕೆಂಪು ಹಸುವಿನ ನೊರೆ

ಕೊಟ್ಟಿಗೆಯ ವಿಷಯದಲ್ಲಿ ನಮ್ಮತ್ತೆ ಯಾರ ಮಾತನ್ನೂ ಕೇಳಿದವರಲ್ಲ. ನಾನು ಮಾಂಬಳ್ಳಿಯಿಂದ ಹೊನ್ನೂರಿಗೆ ಸೊಸೆಯಾಗಿ ಬಂದು ಎಷ್ಟು ವರ್ಷವಾದರೂ ಹಾಲು ಕರೆಯುವುದು ಅವರೇ. ಸಗಣಿ ಬಾಚಲು, ಕಬ್ಬಿನ ಸೋಗೆ ಹೊರಲು ಮಾತ್ರ ನಾನು ಬೇಕು. ಒಳಗೊಳಗೇ ಉರಿಯುತ್ತಿತ್ತು ನನಗೆ.

ಹೋದ ವರ್ಷ ನಮ್ಮ ಮನೆಯ ಕಡಸು ಚೊಚ್ಚಲು ಕರು ಹಾಕಿತು. ಹಸುವಾದ ಮೇಲೂ ನಮ್ಮ ಬಾಯಲ್ಲಿ ಅದು ಕಡಸೇ. ಅದು ಹುಟ್ಟಿದ ದಿನವೇ ತಾಯಿ ಸತ್ತು, ಅತ್ತೆ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದರು. ಬೇರೆ ಯಾರು ಹತ್ತಿರ ಹೋದರೂ ಝಾಡಿಸಿ ಒದೆಯುತ್ತಿತ್ತು. ಅದು ಚೆನ್ನಾಗಿ ಹಾಲು ಕೊಡಲಿ ಎಂದು ಅತ್ತೆ ಅವರಮ್ಮನ ಕಾಲದ ಪದ್ಧತಿಯೊಂದನ್ನು ಹಿಡಿದಿದ್ದರು. ಮನೆಯಲ್ಲೇ ಹೆಚ್ಚು ಹಾಲು ಕೊಡುವ ಕೆಂಪು ಹಸುವನ್ನು ಮೊದಲು ಕರೆದು, ಅದರ ನೊರೆಯನ್ನು ಅಂಗೈಗೆ ತೆಗೆದುಕೊಂಡು, ಕಡಸಿನ ನಾಲ್ಕೂ ಮೊಲೆಗೆ ಸವರುತ್ತಿದ್ದರು.

“ಅದ್ರಂಗೆ ನಿಂಗೂ ಬರ್ಲಿ ಕಣವ್ವ,” ಎನ್ನುತ್ತಿದ್ದರು.

ಆ ದಿನಗಳಲ್ಲೇ ಪಕ್ಕದ ಬೀದಿಯ ಹಸುವೊಂದರ ಕೆಚ್ಚಲು ಕಲ್ಲಾಗಿ, ಹಾಲಿನ ಬದಲು ರಕ್ತ ಬಂತು. ನೋಡಿ ಬಂದ ನನಗೆ ಅನ್ನ ಸೇರಲಿಲ್ಲ. ಅತ್ತೆಯನ್ನು ಕೇಳದೆ ಯಳಂದೂರಿನಿಂದ ಪಶುವೈದ್ಯೆಯನ್ನು ಕರೆಸಿದೆ.

“ನಮ್ ಅಸೀಗೇನಾಗದೆ? ಬಿಂದ್ಗೆ ತುಂಬ ಆಲ್ ಕೊಡ್ತದೆ. ಕಣ್ಣಾಕಕ್ ಬಂದವ್ಳೆ ಕಣಮ್ಮಿ,” ಎಂದು ಅತ್ತೆ ಆಕೆಗೆ ಕೇಳಿಸುವಂತೆಯೇ ಗೊಣಗಿದರು.

ವೈದ್ಯೆಯ ಕೈಯಲ್ಲಿ ನಾಲ್ಕು ಗುಳಿಯ ಪ್ಲಾಸ್ಟಿಕ್ ತಟ್ಟೆ. ಕೆಂಪು ಹಸುವಿನ ಒಂದೊಂದು ಮೊಲೆಯಿಂದ ಒಂದೊಂದು ಗುಳಿಗೆ ಹಾಲು ಹಿಂಡಿ, ನೇರಳೆ ಬಣ್ಣದ ದ್ರಾವಣ ಹಾಕಿ ಮೆಲ್ಲಗೆ ತಿರುಗಿಸಿದರು. ಮೂರರಲ್ಲಿ ಹಾಲು ಹಾಗೇ ಇತ್ತು. ನಾಲ್ಕನೆಯದು ಗಂಜಿಯ ಹಾಗೆ ಗಟ್ಟಿಯಾಗಿ ತಳಕ್ಕೆ ಅಂಟಿತು. ಅಯ್ಯೋ, ಆ ಹಸುವಿನ ಕೆಚ್ಚಲಲ್ಲಿ ಒಂದು ಬಾವಿಲ್ಲ, ಹಾಲಿನಲ್ಲಿ ಒಂದು ಗಂಟಿಲ್ಲ!

“ಕೆಚ್ಚಲು ಬಾವು ಒಳಗೇ ಕೂತಿದೆ. ಈ ಹಾಲು, ಕರೆದ ಕೈ, ಬೇರೆ ಹಸುಗಳಿಗೆ ತಾಗಬಾರದು,” ಎಂದರು ವೈದ್ಯೆ.

ಅತ್ತೆ ಏನೋ ಜೋರಾಗಿ ಹೇಳಲು ಬಾಯಿ ತೆರೆದವರು ಕಡಸಿನ ಕಡೆ ತಿರುಗಿದರು.

“ನೊರೆ ಸವರುದ್ರೆ?” ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಪದ್ಧತಿಯನ್ನು ನಾನೇ ವಿವರಿಸಬೇಕಾಯಿತು. ವೈದ್ಯೆ ತಟ್ಟೆ ತೊಳೆದುಕೊಂಡು ಕಡಸಿನ ಬಳಿಗೆ ಹೋದರು. ಅದು ಆಕೆಯನ್ನು ಹತ್ತಿರ ಸೇರಿಸಲಿಲ್ಲ. ಕೊನೆಗೆ ಅತ್ತೆಯೇ ಕೈಗೆ ಸೋಪು ಹಾಕಿ ತೊಳೆದುಕೊಂಡು ಕುಕ್ಕುರುಗಾಲಲ್ಲಿ ಕೂತು ನಾಲ್ಕು ಗುಳಿಗೂ ಹಿಂಡಿಕೊಟ್ಟರು. ದ್ರಾವಣ ಬಿತ್ತು. ಒಂದಾದರೂ ಉಳಿಯಲಿ ಎಂದು ನಾನು ಮಾದಪ್ಪನನ್ನು ನೆನೆಯುತ್ತಿದ್ದೆ. ನಾಲ್ಕೂ ಗಟ್ಟಿಯಾದವು.

ವೈದ್ಯೆ ಔಷಧಿ ಕೊಟ್ಟರು. ಹೊತ್ತುಹೊತ್ತಿಗೆ ಹಾಲನ್ನು ಪೂರ್ತಿ ಕರೆದು ಚೆಲ್ಲಿ, ಒಳಗೆ ನಿಲ್ಲಲು ಬಿಡಬೇಡಿ, ಬಿಟ್ಟರೆ ಕೆಚ್ಚಲು ಉಳಿಯುವುದಿಲ್ಲ ಎಂದು ಎಚ್ಚರಿಸಿ ಹೋದರು.

ಸಂಜೆ ಕರೆಯಲು ಹೋದ ನನ್ನನ್ನು ಕಡಸು ಒದ್ದು ಬೀಳಿಸಿತು. ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ಒಂದೇ ಸಮ ಕೂಗುತ್ತಿತ್ತು. ಅತ್ತೆ ಜಗಲಿಯ ಮೇಲೆ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂತಿದ್ದರು.

“ಎದ್ ಬನ್ನಿ ಅತ್ತೆ. ನಿಮ್ನೇ ಕರೀತದೆ. ಆಲ್ ಒಳ್ಗೇ ನಿಂತೋದ್ರೆ ಕೆಚ್ಲು ಕಲ್ಲಾಯ್ತದೆ,” ಎಂದೆ.

“ಈ ಕೈಲಾ?” ಎಂದರು ಅತ್ತೆ.

ಕಡಸು ಮತ್ತೆ ಕೂಗಿತು. ಅವರು ಏಳಲಿಲ್ಲ.