ಎಡಕ್ಕೆ ಹಾಕದ ಚೆಂಡು

ಹಲಸೂರಿನ ನಮ್ಮ ವಠಾರದ ಹಿಂದೆ ಹಗ್ಗ ಕಟ್ಟಿ, ದಿನವಿಡೀ ಹೊಲಿಗೆ ಮಾಡಿ ದಣಿದ ಅಕ್ಕ ಸಂಜೆ ನನ್ನೊಂದಿಗೆ ಬಾಲ್ ಬ್ಯಾಡ್ಮಿಂಟನ್ ಅಭ್ಯಾಸ ಮಾಡುತ್ತಿದ್ದಳು. ಹತ್ತಿರದ ಕಾರ್ಖಾನೆಯೊಂದರ ತಂಡಕ್ಕೆ ಆಯ್ಕೆಯಾದರೆ ಅಲ್ಲೇ ಕೆಲಸ ಸಿಗುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಎಡಗಡೆ ಹಾಕೋ, ಅಲ್ಲೇ ನಾನು ವೀಕು" ಎನ್ನುತ್ತಿದ್ದಳು.

ಎಡಕ್ಕೆ ಹಾಕಿದರೆ ಅವಳಿಗೆ ತಪ್ಪಿ ಉಣ್ಣೆಯ ಚೆಂಡು ಚರಂಡಿಗೆ ಬೀಳುತ್ತಿತ್ತು. ತಮ್ಮನಾದ ನಾನೇ ಹೆಕ್ಕಿ ತರಬೇಕಿತ್ತು. ಅದಕ್ಕೇ ಬಲಕ್ಕೆ ಹಾಕುತ್ತಿದ್ದೆ.

"ಸೋಮಾರಿ ಮುಂಡೇದೇ, ಎಡಗಡೆ ಅಂದ್ನಲ್ಲೋ!" ಎಂದು ನಗುತ್ತಿದ್ದಳು.

ಆಯ್ಕೆಯ ದಿನ ಎದುರಿನವರು ಎಡಕ್ಕೇ ಹೊಡೆದರು. ಅಕ್ಕನಿಗೆ ಒಂದನ್ನೂ ತಿರುಗಿಸಿ ಹೊಡೆಯಲಾಗಲಿಲ್ಲ.

"ಇವನು ಸರಿಯಾಗಿ ಪ್ರಾಕ್ಟೀಸ್ ಕೊಡ್ಲಿಲ್ವೇನೇ?" ಅಮ್ಮ ಕೇಳಿದಳು.

"ಚೆನ್ನಾಗೇ ಕೊಟ್ಟಿದ್ದ ಕಣಮ್ಮ. ನನ್ ಕೈಯೇ ನಡೀಲಿಲ್ಲ" ಎಂದು ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಳು.

ನಾನು ಹೌದೆಂದು ತಲೆಯಾಡಿಸಿದೆ.