ಚಿಗವ್ವ ಆರಿಸಿದ ಕೆಂಪು ಬಟ್ಟೆ

ನಿನ್ನೆ ಗೋಕಾಕದ ಬಟ್ಟೆ ಅಂಗಡಿಯಲ್ಲಿ ಹೊಸ ಥಾನು ಬಿಚ್ಚಿದಾಗ ಬಂದ ಗಂಜಿಯ ವಾಸನೆಗೆ ನಾನು ಮತ್ತೆ ಅಜ್ಜಿಯ ಬೆರಳು ಹಿಡಿದ ಹುಡುಗಿಯಾದೆ.

ಆಗ ನಮ್ಮ ಕಾಕಾನ ಹೆಂಡತಿ ಚಿಗವ್ವ ಚೊಚ್ಚಲ ಕೂಸನ್ನು ಕಳೆದುಕೊಂಡಿದ್ದಳು. ಊಟಕ್ಕೆ ಕರೆದರೂ ಮಾತಿಲ್ಲ. ಮಧ್ಯಾಹ್ನವೆಲ್ಲ ಅಜ್ಜಿಯ ಜೊತೆ ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದವಳು ಸೂಜಿ ಮುಟ್ಟುವುದನ್ನೇ ಬಿಟ್ಟಿದ್ದಳು. ಮನೆಯವರೆಲ್ಲ ದನಿ ತಗ್ಗಿಸಿ ಓಡಾಡುತ್ತಿದ್ದೆವು.

ಒಂದು ದಿನ ಅಜ್ಜಿ, ಕೌದಿಯ ಅಂಚಿಗೆ ಬಟ್ಟೆ ಬೇಕೆಂದು ಚಿಗವ್ವನನ್ನೂ ನನ್ನನ್ನೂ ಮೂಡಲಗಿಯಿಂದ ಗೋಕಾಕದ ಪೇಟೆಗೆ ಕರೆದೊಯ್ದಳು. ತೋರಿಸಿದ ಬಟ್ಟೆಗಳನ್ನೆಲ್ಲ ಉಜ್ಜಿ, ಹಿಂಡಿ, ಮೂಸಿ ನೋಡಿ, ಕಡೆಗೆ ಒಂದು ಮಂಕು ಕಂದು ಬಟ್ಟೆ ಎತ್ತಿಕೊಂಡಳು. "ಇದನ್ನ ಹರೀರಿ," ಎಂದಳು ಅಂಗಡಿಯವನಿಗೆ.

"ಅದು ಬ್ಯಾಡ್ರಿ ಅತ್ತಿ," ಎಂದಳು ಚಿಗವ್ವ. "ಕೌದಿಗೆ ಕಳಾನ ಬರೂದಿಲ್ಲ. ಆ ಕೆಂಪ ನೋಡ್ರಿ."

ಅಜ್ಜಿಯ ಕೈ ಅಲ್ಲೇ ನಿಂತಿತು. "ನಿನಗೇನ ತಿಳಿತೈತಿ? ಕೆಂಪ ಬಣ್ಣ ಬಿಡತೈತಿ," ಎಂದು ಬೇಕೆಂದೇ ಜಗಳ ತೆಗೆದಳು.

"ಬಿಡೂದಿಲ್ರಿ. ಬೇಕಾದ್ರ ತೊಳದು ತೋರಸ್ತೇನಿ!" ಚಿಗವ್ವನ ದನಿ ಏರಿತು. ಅಜ್ಜಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಕೆಂಪು ಬಟ್ಟೆಯನ್ನೇ ತಂದೆವು. ಊರು ಮುಟ್ಟುವವರೆಗೂ ಅತ್ತೆ-ಸೊಸೆ ಬಸ್ಸಿನಲ್ಲಿ ವಾದಿಸುತ್ತಲೇ ಇದ್ದರು. ಅವರ ನಡುವೆ ಕುಳಿತ ನಾನು ಎಷ್ಟೋ ದಿನಗಳ ಮೇಲೆ ನಿಶ್ಚಿಂತೆಯಿಂದ ನಿದ್ದೆ ಹೋದೆ.

ನಿನ್ನೆ ಅಂಗಡಿಯವನು, "ಏನ ಕೊಡ್ಲಿರಿ ಅಮ್ಮಾರ?" ಎಂದು ಕೇಳುತ್ತಲೇ ಇದ್ದನಂತೆ. ನಾನು ಸುಮ್ಮನೆ ನಗುತ್ತ ಕುಳಿತಿದ್ದೆನೆಂದು ಜೊತೆಗೆ ಬಂದಿದ್ದ ಮೊಮ್ಮಗಳು ಹೇಳಿದಳು.