ಖಾಲಿ ತರಗತಿಯಲ್ಲಿ ಕೇಳಿದ ಪ್ರಶ್ನೆ

ದೆವ್ವ, ಗಾಳಿ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಒಂದು ಸಂಜೆ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಮಿಕ್ಕಿದ್ದು ನಿಮಗೆ ಬಿಟ್ಟದ್ದು.

ಎಪ್ಪತ್ತರ ದಶಕದ ಕೊನೆ. ನಾನಾಗ ಟೀಚರ್ ಟ್ರೈನಿಂಗಿನಲ್ಲಿದ್ದೆ. ಅಭ್ಯಾಸ ಪಾಠಕ್ಕೆಂದು ನನ್ನನ್ನೂ ಗೆಳತಿ ಸರೋಜಳನ್ನೂ ತುರುವೇಕೆರೆ ಕಡೆಯ ಒಂದು ಹಳ್ಳಿ ಶಾಲೆಗೆ ಹಾಕಿದ್ದರು. ಫೇಲಾದರೆ ಓದು ಸಾಕು, ಮದುವೆ ಎಂದು ಅಪ್ಪ ಮೊದಲೇ ಹೇಳಿದ್ದರು. ಮೂರನೇ ತರಗತಿಗೆ ಕಳೆಯುವ ಲೆಕ್ಕ ನನ್ನ ಮೊದಲ ಪಾಠ. ಬೋರ್ಡು ತುಂಬ ಬರೆದೆ, ಗಂಟಲು ಹರಿಯುವಂತೆ ವಿವರಿಸಿದೆ. ಕೊಟ್ಟ ಲೆಕ್ಕವನ್ನು ಒಂದು ಮಗುವೂ ಸರಿಯಾಗಿ ಮಾಡಲಿಲ್ಲ. ಹಿಂದೆ ಕೂತು ನೋಡುತ್ತಿದ್ದ ನಮ್ಮ ಟ್ರೈನಿಂಗ್ ಮೇಷ್ಟ್ರು ಬೈಯಲಿಲ್ಲ.

"ನೀನೇನೋ ಚೆನ್ನಾಗೇ ಮಾತಾಡ್ದೆ ಕಣಮ್ಮ. ಮಕ್ಕಳು ನಿನ್ನ ಕೈ ಎಲ್ಲಿ ಬಿಟ್ರು ಅಂತ ಕೂತು ಯೋಚ್ನೆ ಮಾಡು. ನಾಳೆ ಇದೇ ಪಾಠ ಮತ್ತೆ ಮಾಡು" ಎಂದು ಹೇಳಿ ಬಸ್ಸಿಗೆ ಹೋದರು.

ಶಾಲೆ ಬಿಟ್ಟಿತು. ತಪ್ಪಿದ್ದೆಲ್ಲಿ ಎಂದು ತಿಳಿಯದೆ ಇಲ್ಲಿಂದ ಏಳುವುದಿಲ್ಲವೆಂದು ನಾನು ಹಟ ಹಿಡಿದೆ. ಸರೋಜ ಬಾಗಿಲ ಹೊರಗೆ ಜಗಲಿಯ ಮೇಲೆ ಚಾರ್ಟು ಬರೆಯುತ್ತ ಕೂತಳು. ತೆಂಗಿನ ತೋಟದ ಮೇಲೆ ಇನ್ನೂ ಬಿಸಿಲಿತ್ತು. ಖಾಲಿ ತರಗತಿಯಲ್ಲಿ ನಿಂತು ಬೆಳಗಿನ ಪಾಠವನ್ನು ಒಂದು ಮಾತೂ ಬಿಡದೆ ಗಟ್ಟಿಯಾಗಿ ಹೇಳುತ್ತ ಬಂದೆ.

"ಎರಡರಲ್ಲಿ ಏಳು ಹೋಗಲ್ಲ. ಪಕ್ಕದ ಮನೆಯಿಂದ ಒಂದು ತಗೋಬೇಕು. ಈಗ ಹನ್ನೆರಡಾಯ್ತು..."

"ತಗಂಡಿದ್ದು ಒಂದು. ಅದು ಹತ್ತು ಹೆಂಗಾಯ್ತು?"

ಕೊನೆಯ ಸಾಲಿನಿಂದ ಬಂತು. ಏಳೆಂಟು ವರ್ಷದ ಹುಡುಗಿಯ ದನಿ, ನಿಜಕ್ಕೂ ತಿಳಿಯದೆ ಕೇಳಿದ ಹಾಗೆ. ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಕೇಳ್ತಾ ಅವ್ರಲ್ಲೇ, ಉತ್ರ ಹೇಳು!" ಎಂದು ಸರೋಜ ಹೊರಗಿನಿಂದ ಕೂಗಿದಳು.

"ಇಲ್ಲಿ ಯಾರೂ ಇಲ್ಲ ಕಣೇ" ಎಂದೆ. ಅವಳು ಒಳಗೆ ಬಂದು ಕೊನೆಯ ಸಾಲಿನವರೆಗೂ ಹೋಗಿ ನೋಡಿದಳು. ಇದ್ದದ್ದು ಒಂದೇ ಬಾಗಿಲು, ಕಿಟಕಿಗೆಲ್ಲ ಕಂಬಿ.

"ಬಾರೇ, ಹೋಗಾಣ. ಇದೆಲ್ಲ ಬ್ಯಾಡ ಬುಡು" ಎಂದು ನನ್ನ ಕೈ ಎಳೆದಳು.

ನನಗೂ ಓಡಿಬಿಡಬೇಕೆನಿಸಿತು. ಆದರೆ ಒಂದು ಹತ್ತಾಗುವುದು ಹೇಗೆಂದು ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ. ಮಕ್ಕಳು ನನ್ನ ಕೈ ಬಿಟ್ಟದ್ದು ಅಲ್ಲಿಯೇ. "ಇರೇ, ಹೇಳಿಯೇ ಬರ್ತೀನಿ" ಎಂದೆ. ಮೂಲೆಯ ಪೊರಕೆಯಿಂದ ಕಡ್ಡಿ ಕಿತ್ತು, ಮುರಿದು, ಹತ್ತತ್ತರ ಕಟ್ಟು ಮಾಡಿದೆ. ಕೊನೆಯ ಸಾಲಿಗೆ ತೋರಿಸುತ್ತ ಹೇಳಿದೆ: "ನೋಡು, ಇದು ಒಂದು ಕಟ್ಟು. ಬಿಚ್ಚಿದ್ರೆ ಹತ್ತು ಕಡ್ಡಿ." ಕಾದೆ. ಮತ್ತೆ ಮಾತು ಬರಲಿಲ್ಲ.

ಮರುದಿನ ಮಕ್ಕಳು ತಾವೇ ಕಟ್ಟು ಬಿಚ್ಚಿ ಎಣಿಸಿದವು. ಸ್ಲೇಟುಗಳೆಲ್ಲ ಹೆಚ್ಚುಕಡಿಮೆ ಸರಿಯಾಗಿದ್ದವು. ಮೇಷ್ಟ್ರು ತಲೆದೂಗಿದರು. ನಾನು ಒಂದೊಂದು ಮಗುವನ್ನೂ ಎಬ್ಬಿಸಿ ಮಾತಾಡಿಸಿದೆ. ಆ ದನಿ ಯಾರದ್ದೂ ಅಲ್ಲ.

ಆಮೇಲೆ ಆ ಸಂಜೆಯ ಸುದ್ದಿಯನ್ನು ನಾವಿಬ್ಬರೂ ಎತ್ತಲೇ ಇಲ್ಲ. ಎಷ್ಟೋ ವರ್ಷದ ಮೇಲೆ ತಿಪಟೂರಿನ ಒಂದು ಮದುವೆಯಲ್ಲಿ ಪಕ್ಕಪಕ್ಕ ಕೂತಿದ್ದಾಗ ನಾನೇ ಕೇಳಿದೆ: "ಅವತ್ತಿನ ಆ ಹುಡುಗಿ ಯಾರಿರಬೋದೇ?"

ಸರೋಜ ನನ್ನನ್ನೇ ನೋಡಿದಳು. "ಯಾವ ಹುಡುಗಿ? ನಾನು ಕೇಳಿಸ್ಕಂಡಿದ್ದು ಹಣ್ಣು ಮುದುಕಿ ದನಿ ಕಣೇ."

ಪ್ರಶ್ನೆ ಏನೆಂದು ಅವಳಿಂದಲೇ ಹೇಳಿಸಿದೆ. ಒಂದಕ್ಷರವೂ ತಪ್ಪದೆ ಹೇಳಿದಳು.